ಬಿಳಿ ಚೌಕದ ಕೆಳಗಿನ ದೇವರುಗಳು

ಇಂಥವೆಲ್ಲ ನನಗೇ ಯಾಕೆ ಆಗುತ್ತವೋ, ಆ ಭಗವಂತನನ್ನೇ ಕೇಳಬೇಕು. ನೆಟ್ಟಗೆ ನಡೆಯುತ್ತಿದ್ದ ಕೆಲಸವೂ ನಾನು ಕೈ ಹಾಕಿದ ಮೇಲೆ ಸೊಟ್ಟಗಾಗಿ, ನೋಡಿದವರೆಲ್ಲ ನಕ್ಕು ಹೋಗುತ್ತಾರೆ.

ತೊಂಬತ್ತರ ದಶಕ. ಬಂಗಾರಪೇಟೆ ಸ್ಟೇಷನ್ ಹತ್ತಿರ ಒಂದು ಪ್ರಿಂಟಿಂಗ್ ಪ್ರೆಸ್. ಬೂದಿಕೋಟೆಯಿಂದ ದಿನಾ ಬಸ್ಸಿನಲ್ಲಿ ಬರುತ್ತಿದ್ದ ನಾನು ಅಲ್ಲಿ ಕಂಪ್ಯೂಟರ್ ಆಪರೇಟರ್. ಕೆಲಸ ಅಂದರೆ ಮುಕ್ಕಾಲು ಪಾಲು ಲಗ್ನಪತ್ರಿಕೆ. ಆ ಡಿಸೈನ್ ಸಾಫ್ಟ್‌ವೇರ್ ಎಷ್ಟು ನಿಧಾನ ಅಂದರೆ, ಒಂದು ಅಕ್ಷರ ಆಚೆ ಸರಿಸಿದರೂ ಪರದೆ ಪೂರ್ತಿ ಖಾಲಿಯಾಗಿ ಮತ್ತೆ ಮೊದಲಿಂದ ಬರೆದುಕೊಳ್ಳುತ್ತಿತ್ತು. ಅಷ್ಟರಲ್ಲಿ ನಾನು ಕಾಫಿ ಕುಡಿದು ಲೋಟ ತೊಳೆದಿಟ್ಟು ಬರುತ್ತಿದ್ದೆ.

ಒಂದು ದಿನ ಓನರ್ ಬಂದು ಕಡ್ಡಿ ಮುರಿದ ಹಾಗೆ ಹೇಳಿಬಿಟ್ಟರು. "ಶ್ರಾವಣದ ಮದುವೆಗಳು ಶುರುವಾಗೋದ್ರೊಳಗೆ ಇದು ಚುರುಕಾಗಬೇಕು ಅಮ್ಮಣ್ಣಿ. ಇಲ್ಲಾಂದ್ರೆ ಇದನ್ನ ಮಾರಿ, ಮೊದಲಿನಂಗೆ ಅಚ್ಚಿನ ಮೊಳೆ ಜೋಡಿಸ್ಕೊಂಡು ಇದ್ಬಿಡ್ತೀನಿ."

ನನಗೆ ಮೊಳೆ ಜೋಡಿಸೋಕೆ ಬರದು. ಮನೆಯಲ್ಲಿ ಆಗತಾನೇ ಸೀಮೆಹಸು ತಂದಿದ್ದರು. ನಾನು ಯಾವಾಗ ಕೆಲಸ ಕಳಕೊಂಡು ಬರುತ್ತೇನೋ, ಯಾವಾಗ ಸಗಣಿ ಬುಟ್ಟಿ ಕೈಗೆ ಕೊಡಬಹುದೋ ಅಂತ ನಮ್ಮಮ್ಮ ಕಾಯುತ್ತಲೇ ಇದ್ದಳು.

೧. ಬೋಲ್ಟು

ಓನರ್ ಮೊದಲು ಕರೆಸಿದ್ದು ಕೆಜಿಎಫ್‌ನ ಒಬ್ಬ ರಿಟೈರ್ಡ್ ಮೆಕ್ಯಾನಿಕ್‌ನನ್ನು. ಗಣಿಯಲ್ಲಿ ಆಳೆತ್ತರದ ಯಂತ್ರಗಳನ್ನು ನೋಡಿಕೊಂಡವರು. ಸ್ಕ್ರೂಡ್ರೈವರ್ ತುದಿಯನ್ನು ಕಂಪ್ಯೂಟರ್ ಡಬ್ಬಿಗೂ ಹಿಡಿಯನ್ನು ಕಿವಿಗೂ ಒತ್ತಿ, ಕಣ್ಣು ಮುಚ್ಚಿ, ಡಾಕ್ಟರ ಹಾಗೆ ಬಹಳ ಹೊತ್ತು ಆಲಿಸಿದರು. ಡಬ್ಬಿ ಅದುರುತ್ತಿದೆ, ಇದರ ಶಕ್ತಿಯೆಲ್ಲ ಅದುರೋದಕ್ಕೇ ಖರ್ಚಾಗುತ್ತಿದೆ, ಇನ್ನು ಕೆಲಸಕ್ಕೆ ಏನು ಉಳಿಯುತ್ತೆ ಅಂತ ಅರ್ಧ ತಮಿಳು ಅರ್ಧ ಕನ್ನಡದಲ್ಲಿ ತೀರ್ಪು ಕೊಟ್ಟರು. ಗಣಿಯಲ್ಲಿ ಬೋಲ್ಟ್ ಬಿಗಿಯದ ಮೆಷಿನ್ನೇ ಇರಲಿಲ್ಲವಂತೆ.

ಸರಿ, ಡಬ್ಬಿಯ ಮೇಲೆ ಕಬ್ಬಿಣದ ಪಟ್ಟಿ ಬಂತು. ಪಟ್ಟಿಯನ್ನು ಮೇಜಿಗೆ ಬಿಗಿದರು, ಮೇಜಿನ ಕಾಲನ್ನು ನೆಲಕ್ಕೆ ಸಿಮೆಂಟ್ ಹಾಕಿ ಕೂರಿಸಿದರು. "ಎಲ್ಲಾಂ ಸರಿಯಾಯ್ಡುಂ" ಅಂತ ಧೈರ್ಯ ಹೇಳಿ ಹೊರಟರು.

ವೇಗ ಇದ್ದ ಹಾಗೇ ಇತ್ತು. ಮೇಜು ಮಾತ್ರ ಅಲುಗಾಡದ ಹಾಗಾಗಿ, ಅದರ ಕೆಳಗಿನ ಕಸ ಇವತ್ತಿಗೂ ಅಲ್ಲೇ ಇರಬೇಕು.

೨. ಕರ್ಪೂರ

ನಮ್ಮ ಪ್ರೆಸ್ಸಿನಲ್ಲಿ ಒಂದು ಕಟ್ಟಳೆ ಇತ್ತು. ಹಳೇ ಕಾಲದಲ್ಲಿ ದೇವರ ಚಿತ್ರದ ಅಚ್ಚು ಎಷ್ಟೇ ಸವೆದರೂ ಎಸೆಯುತ್ತಿರಲಿಲ್ಲ, ಗೂಡಿನಲ್ಲಿಟ್ಟು ಕುಂಕುಮ ಹಚ್ಚುತ್ತಿದ್ದರು. ಕಂಪ್ಯೂಟರ್ ಬಂದ ಮೇಲೂ ಓನರ್ ಬಿಡಲಿಲ್ಲ. ದೇವರನ್ನು ಅಳಿಸೋ ಹಾಗಿಲ್ಲ ಅಂದರು. ಅದಕ್ಕೇ ಹೊಸ ಲಗ್ನಪತ್ರಿಕೆ ಬಂದಾಗ ನಾನು ಹಳೆಯದನ್ನೇ ತೆಗೆದು ಹೆಸರು ಬದಲಾಯಿಸಿ, ಹಳೇ ದೇವರ ಮೇಲೆ ಒಂದು ಬಿಳಿ ಚೌಕ ಮುಚ್ಚಿ, ಅದರ ಮೇಲೆ ಹೊಸ ದೇವರನ್ನು ಕೂರಿಸುತ್ತಿದ್ದೆ. ಮುಚ್ಚಿದ ಮೇಲೆ ಇಲ್ಲದ ಹಾಗೇ ಅಂತ ನಾನು ತಿಳಿದಿದ್ದೆ.

ಪರದೆ ಹೊಸದಾಗಿ ಬರೆದುಕೊಳ್ಳುವಾಗ ಕೆಳಗಿದ್ದವರೆಲ್ಲ ಸರದಿಯಲ್ಲಿ ಬರುತ್ತಿದ್ದರು. ವೆಂಕಟರಮಣ ಬಂದು ಮಾಯ, ಮುನೇಶ್ವರ ಬಂದು ಮಾಯ, ಗಂಗಮ್ಮ ಬಂದು ಮಾಯ. ಕೊನೆಗೆ ನಮ್ಮ ಗಿರಾಕಿಯ ದೇವರು ನಿಲ್ಲುತ್ತಿದ್ದ. ಕಂಪ್ಯೂಟರ್ ಮೊದಲು ದೇವರ ಸ್ಮರಣೆ ಮಾಡಿ ಆಮೇಲೆ ಕೆಲಸಕ್ಕೆ ಕೂರುತ್ತೆ, ಒಳ್ಳೇ ಸಂಸ್ಕಾರ ಅಂತ ಓನರ್ ಬಂದವರಿಗೆಲ್ಲ ಹೇಳಿಕೊಳ್ಳುತ್ತಿದ್ದರು.

ಮೊಮ್ಮಗನ ಪತ್ರಿಕೆಗೆ ಅಂತ ಬಂದಿದ್ದ ಒಬ್ಬ ಅಜ್ಜಿ ಇದನ್ನು ನೋಡಿ ಚಪ್ಪಲಿ ಬಿಟ್ಟು ಒಳಗೆ ಬಂದಳು. ಸೆರಗಿನ ಗಂಟಿನಿಂದ ಕರ್ಪೂರ ತೆಗೆದು ಕೀಬೋರ್ಡ್ ಪಕ್ಕದಲ್ಲೇ ಹಚ್ಚಿದಳು. ನಾನು ಹೌಹಾರಿ ಆರಿಸೋಕೆ ಒಂದು ಲೋಟ ನೀರು ತಂದೆ. ಅವಳು ಭಕ್ತಿಯಿಂದ ಕೈಯೊಡ್ಡಿ, ತೀರ್ಥ ಅಂತ ಅದನ್ನೂ ಕುಡಿದಳು.

೩. ವಿಸರ್ಜನೆ

ಆಷಾಢ ಮುಗಿಯುತ್ತಾ ಬಂತು. ನನ್ನ ಗೋಳು ನೋಡಲಾಗದೆ ಓನರ್ ಬೆಂಗಳೂರಿನಿಂದ ಟೆಕ್ನಿಷಿಯನ್ ಒಬ್ಬನನ್ನು ಕರೆಸಿದರು. ಕಂಪ್ಯೂಟರ್ ರಿಪೇರಿಗೆ ಬಂದ ಪುಣ್ಯಾತ್ಮ ಮೊದಲು ಕೇಳಿದ್ದು ಸ್ಪ್ಯಾನರ್.

ಬೋಲ್ಟು ಬಿಚ್ಚಿದ್ದು ದಂಡವಾಯಿತು, ಒಳಗೆ ಏನೂ ಕೆಟ್ಟಿರಲಿಲ್ಲ. ಆಮೇಲೆ ನಮ್ಮ ಪತ್ರಿಕೆ ತೆರೆದು ಬಿಳಿ ಚೌಕಗಳನ್ನು ಒಂದೊಂದಾಗಿ ಸರಿಸುತ್ತಾ ಹೋದ. ಹೋದಷ್ಟೂ ದೇವರುಗಳು. ಇಡೀ ತಾಲ್ಲೂಕಿನ ದೇವರನ್ನೆಲ್ಲ ಒಂದೇ ಹಾಳೆಯಲ್ಲಿ ಪೇರಿಸಿದರೆ ಯಾವ ಕಂಪ್ಯೂಟರ್ ತಾನೇ ಎದ್ದೀತು, ಅಳಿಸಿಬಿಡಿ ಅಂದ. ಓನರ್ ಎರಡೂ ಕೆನ್ನೆಗೆ ಹೊಡೆದುಕೊಂಡರು.

ಆಮೇಲೆ ಒಂದು ರಾಜಿಯಾಯಿತು. ಗಣೇಶನನ್ನು ಕಳಿಸೋದಿಲ್ಲವೇ, ಹಾಗೇ ಇವರನ್ನೂ ಮರ್ಯಾದೆಯಿಂದ ಕಳಿಸೋಣ ಅಂತ. ದೇವರುಗಳನ್ನೆಲ್ಲ ಕಂಪ್ಯೂಟರಿನಿಂದ ತೆಗೆದು ಫ್ಲಾಪಿಗಳಿಗೆ ಇಳಿಸಿದೆವು. ಪಕ್ಕದ ಗುಡಿಯ ಪೂಜಾರಪ್ಪ ಬಂದು ಫ್ಲಾಪಿಗಳಿಗೆ ಅರಿಸಿನ ಕುಂಕುಮ ಇಟ್ಟರು. ಅದರಲ್ಲಿ ಕೆಜಿಎಫ್‌ನ ಒಂದು ಮದುವೆಗೆ ಹಾಕಿದ್ದ ಮೇರಿ ಮಾತೆಯೂ ಇದ್ದಾಳೆ, ಏನು ಮಾಡೋದು ಅಂತ ಕೇಳಿದೆ. ಪೂಜಾರಪ್ಪ ಆ ಫ್ಲಾಪಿಗೆ ಒಂದು ಹೂವು ಜಾಸ್ತಿ ಇಟ್ಟರು. ಕೆರೆಗೆ ಬಿಡೋಣ ಅಂದರೆ ನಮ್ಮ ಕಡೆ ಕೆರೆಯಲ್ಲಿ ನೀರೆಲ್ಲಿಂದ ಬರಬೇಕು? ಕೊನೆಗೆ ಹಿತ್ತಲಿನಲ್ಲಿ ಒಂದು ಬಕೆಟ್ ನೀರಿಗೆ ಬಿಟ್ಟು ಕೈಮುಗಿದೆವು.

ಟೆಕ್ನಿಷಿಯನ್ ರೈಲು ಹತ್ತುವಾಗ, ಇನ್ನು ಮೇಲೆ ಬೆಂಗಳೂರಲ್ಲೂ ಪೂಜಾರಿಯನ್ನು ಕರಕೊಂಡೇ ರಿಪೇರಿಗೆ ಹೋಗುತ್ತೇನೆ ಅಂದನಂತೆ.

೪. ಚುರುಕಾಯಿತು

ಮಾರನೇ ದಿನ ಕಂಪ್ಯೂಟರ್ ಓಡಿದ್ದೇ ಓಡಿದ್ದು. ಓನರ್ ಟೀ ತರಿಸುವಷ್ಟರಲ್ಲಿ ಪತ್ರಿಕೆ ರೆಡಿ. ನನಗೆ ಹಿಗ್ಗೋ ಹಿಗ್ಗು. ಓನರ್ ಟೀ ಹೀರುತ್ತಾ ಪತ್ರಿಕೆ ನೋಡಿದರು, ನನ್ನನ್ನು ನೋಡಿದರು.

"ಇಷ್ಟೇನಾ ಕೆಲ್ಸ? ಅಂಗಾದ್ರೆ ನೀನ್ಯಾಕೆ ಸಂಜೆಗಂಟ ಕೂತಿರಬೇಕು? ನಾಳೆಯಿಂದ ಮಧ್ಯಾಹ್ನದ ಬಸ್ಸಿಗೇ ಓಗ್ಬಿಡು. ಅರ್ಧ ಸಂಬಳ."

ಮಧ್ಯಾಹ್ನದ ಬಸ್ಸಿಗೆ ಹೋದರೆ ನೇರ ಸೀಮೆಹಸುವಿನ ಮುಂದೆ ಇಳಿಯಬೇಕು. ಓನರನ್ನು ಬೇಡಿಕೊಳ್ಳೋಕೆ ಎದ್ದು ನಿಲ್ಲುವಷ್ಟರಲ್ಲಿ ಕಾಮಸಮುದ್ರದ ಕಡೆಯಿಂದ ಒಂದು ಕುಟುಂಬ ಬಂತು. ಎರಡನೇ ಮಗಳ ಲಗ್ನಪತ್ರಿಕೆ. ದೊಡ್ಡವಳದ್ದೂ ನಾನೇ ಮಾಡಿದ್ದೆ. ಇಡೀ ದಿನದ ಕೆಲಸ ಅಂತ ಗೊತ್ತಿದ್ದರಿಂದ ಬುತ್ತಿ ಕಟ್ಟಿಕೊಂಡು, ಅತ್ತೆ ಸೊಸೆ ಚಿಕ್ಕಪ್ಪ ಎಲ್ಲ ಬಂದು ಚಾಪೆ ಹಾಸಿದರು. ಅವರು ಸರಿಯಾಗಿ ಕೂರುವ ಮೊದಲೇ ನಾನು ಪತ್ರಿಕೆ ಕೈಗಿಟ್ಟೆ.

ಮನೆಯ ಯಜಮಾನ ಹಾಳೆಯನ್ನು ಹಿಂದೆ ಮುಂದೆ ತಿರುಗಿಸಿದ. ಮುಖ ಕಪ್ಪಿಟ್ಟಿತು.

"ದೊಡ್ಡೋಳ್ದಕ್ಕೆ ದಿನಪೂರ್ತಿ ಮಾಡಿದ್ರಿ. ದೇವ್ರುಗಳೆಲ್ಲಾ ಬಂದು ಆಶೀರ್ವಾದ ಮಾಡಿ ಓದ್ರು. ಇವ್ಳು ಚಿಕ್ಕೋಳು ಅಂತ ಇಂಗೆ ಬಿಸಾಕ್ಬಿಡೋದಾ?"

ಹೆಂಗಸರು ಬುತ್ತಿ ಎತ್ತಿಕೊಂಡರು. ಮದುವೆ ಹುಡುಗಿ ಅಳೋಕೆ ಶುರುಮಾಡಿದಳು. ಬೇರೆ ಪ್ರೆಸ್ಸಿಗೆ ಹೋಗೋಣ ಅಂತ ಚಿಕ್ಕಪ್ಪ ಚಾಪೆ ಸುತ್ತಿದ. ಓನರ್ ಬಾಗಿಲಿಗೆ ಅಡ್ಡ ನಿಂತು ಅವರನ್ನು ಸಮಾಧಾನ ಮಾಡಿ ಕೂರಿಸಿ, ನನ್ನ ಹತ್ತಿರ ಬಂದು ಮೆಲ್ಲಗೆ ಅಂದರು: "ಅಮ್ಮಣ್ಣಿ, ದೇವ್ರುಗಳ್ನ ವಾಪಸ್ ಕರೆಸು."

"ಬಕೆಟ್ಟಿಗೆ ಬಿಟ್ಟಾಯ್ತಲ್ಲ ಸಾರ್."

"ಬಕೆಟ್ಟು ಅಲ್ಲೇ ಐತಲ್ಲಮ್ಮ."

ಹಿತ್ತಲಿನಲ್ಲಿ ಬಟ್ಟೆ ಒಣಗಿಸುವ ಹಗ್ಗಕ್ಕೆ ಓನರ ಪಂಚೆಯ ಪಕ್ಕದಲ್ಲಿ ದೇವರುಗಳನ್ನೆಲ್ಲ ಕ್ಲಿಪ್ ಹಾಕಿ ನೇತುಹಾಕಿದೆ. ಅದರ ಕೆಳಗೆ ಕೂತು ಆ ಕುಟುಂಬ ಮುದ್ದೆ ಸಾರು ಉಂಡಿತು. ಬಿಸಿಲು ಚೆನ್ನಾಗಿತ್ತು. ನಾಲ್ಕೈದು ಫ್ಲಾಪಿ ಹೇಗೋ ಬದುಕಿಕೊಂಡವು. ಅಷ್ಟು ದೇವರನ್ನು ಹಾಳೆಯಲ್ಲಿ ಕೂರಿಸಿ, ಬಿಳಿ ಚೌಕ ಮುಚ್ಚಿ, ಹುಡುಗಿಯ ಹೆಸರನ್ನು ಒಂದು ಚೂರು ಪಕ್ಕಕ್ಕೆ ಸರಿಸಿದೆ. ಪರದೆ ಖಾಲಿಯಾಯಿತು. ಕಂಪ್ಯೂಟರ್ ಗರ್ ಅಂತ ನರಳಿತು. ಬಹಳ ಹೊತ್ತಾದ ಮೇಲೆ ವೆಂಕಟರಮಣನ ಕಿರೀಟ ಗೆರೆ ಗೆರೆಯಾಗಿ ಮೂಡತೊಡಗಿತು.

ಓನರ್ ಸಂಜೆ ಬಸ್ಸಿನ ತನಕ ನಾನು ಇರಲೇಬೇಕು, ನಾಳೆಯೂ ಅಷ್ಟೇ ಅಂದರು. ಯಜಮಾನ ಎರಡೂ ಕೈ ಮುಗಿದು, ಮಗಳ ತಲೆ ಸವರಿ ಹೇಳಿದ: "ಅಳಬ್ಯಾಡ ಕಣವ್ವ, ನೋಡು. ಈಗ ಕೆಲ್ಸ ನಡೀತೈತೆ."