ಕೊಲೆಗಾರ ತೊಟ್ಟ ಕೋಟು

ತಾಪತ್ರಯ ಶುರುವಾದದ್ದು ಬಾಮೈದ ಪುಕ್ಕಟೆ ಪಾಸು ಹಂಚಿದ್ದರಿಂದ.

"ಭಾವ, ಬೆಳಗ್ಗೆ ಹನ್ನೊಂದಕ್ಕೆ ಮೊದಲ ಆಟ. ಇಡೀ ಬೀದಿಗೆ ಪಾಸು ಕೊಟ್ಟು ಬಂದೆ!" ಎಂದು ಅವನು ಅಂಗಡಿಯ ಮೆಟ್ಟಿಲ ಮೇಲೆ ನಿಂತು ಕೂಗಿದಾಗ, ಕಾಜಾ ಹಾಕುತ್ತಿದ್ದ ಟೈಲರ್ ಸೂಜಿಯನ್ನು ಹೆಬ್ಬೆರಳಿಗೇ ಚುಚ್ಚಿಕೊಂಡ.

"ಇಡೀ ಬೀದಿ ಅಂದ್ರೆ, ಟೀಚರಮ್ಮನಿಗೂ?"

"ಅವರಿಗೇ ಮೊದಲು. ಮಧ್ಯದ ಸಾಲು, ಒಳ್ಳೇ ಸೀಟು."

ಬಾಮೈದನೇ ತೆಗೆದ ಸಿನಿಮಾದ ಹೆಸರು 'ಒಂಟಿ ಗುಡಿಸಲಿನ ಏಳು ಹೆಣ'. ಕಾಡಿಗೆ ಪಿಕ್‌ನಿಕ್ ಹೋದ ಏಳು ಮಂದಿಯನ್ನು ಮುಸುಕಿನ ಕೊಲೆಗಾರನೊಬ್ಬ ಒಬ್ಬೊಬ್ಬರಾಗಿ ಕೊಚ್ಚಿ ಹಾಕುವುದು, ಇಷ್ಟೇ ಕತೆ. ಕಾಡೆಂದರೆ ಇಟ್ಟಿಗೆ ಗೂಡಿನ ಹಿಂದಿನ ನೀಲಗಿರಿ ತೋಪು. ರಕ್ತವೆಂದರೆ ಬೀಟ್‌ರೂಟ್ ರಸ. ಕ್ಯಾಮೆರಾ ಎಂದರೆ ಬಾಮೈದನ ಮೊಬೈಲು. ಸಾಯಲು ಒಪ್ಪಿದವರು ನಾಲ್ಕೇ ಜನವಾದ್ದರಿಂದ ಮೂವರು ಮೀಸೆ ಅಂಟಿಸಿಕೊಂಡು ಎರಡನೇ ಸಲ ಸತ್ತಿದ್ದರು. ಕೊಲ್ಲಲು ಯಾರೂ ಒಪ್ಪದೆ, ಇರುವೆಯನ್ನು ಕೂಡ ಊದಿ ಪಕ್ಕಕ್ಕೆ ಸರಿಸುವ ಟೈಲರನೇ ಹಿಟ್ಟಿನ ಚೀಲಕ್ಕೆ ಎರಡು ತೂತು ಮಾಡಿ ತಲೆಗೆ ಹಾಕಿಕೊಂಡಿದ್ದ. ತಾಯಿಯಿಲ್ಲದ ಬಾಮೈದನನ್ನು ಟೈಲರನ ಹೆಂಡತಿಯೇ ಎತ್ತಿ ಸಾಕಿದ್ದಳು. ಅವಳು ಹೇಳಿದರೆ ಟೈಲರ್ ಬಾವಿಗೂ ಹಾರುತ್ತಿದ್ದ, ಹಾರುವ ಮುಂಚೆ ಅಂಗಿ ಮಡಿಚಿಡುತ್ತಿದ್ದ ಅಷ್ಟೆ.

ಸಂಕಟವೆಲ್ಲ ಕೋಟಿನದು. ಕೊಲೆಗಾರನಿಗೆ ಕೋಟು ಬೇಕೇ ಬೇಕೆಂದು ಬಾಮೈದ ಹಟ ಹಿಡಿದಾಗ, ಅಂಗಡಿಯಲ್ಲಿ ಟೈಲರನ ಮೈಗೆ ಒಪ್ಪುವಂಥದ್ದು ಒಂದೇ ಇತ್ತು. ಅದು ಟೀಚರಮ್ಮನ ಗಂಡನ ಕೋಟು. ರೈಲ್ವೆ ಗಾರ್ಡ್ ಆಗಿದ್ದ ಅವರು ತೀರಿಕೊಂಡು ವರ್ಷವಾಗಿತ್ತು. "ಇದನ್ನ ನನ್ನ ಅಳತೆಗೆ ಚಿಕ್ಕದು ಮಾಡಿಕೊಡೋ, ಚಳಿಗೆ ಹಾಕ್ಕೋತೀನಿ" ಎಂದು ಟೀಚರಮ್ಮ ಎರಡು ತಿಂಗಳ ಹಿಂದೆ ಕೊಟ್ಟುಹೋಗಿದ್ದರು. ಒಂದು ದಿನದ ಮಟ್ಟಿಗೆ ತಾನೇ ಎಂದುಕೊಂಡು ಟೈಲರ್ ತೊಟ್ಟ. ಕೊನೆಯ ದೃಶ್ಯದಲ್ಲಿ ಕೊಲೆಗಾರನ ಬೆನ್ನಿಗೆ ಗುಂಡು ಬೀಳಬೇಕಿತ್ತು. ಟೈಲರ್ ಕೋಟು ಕಳಚಿ ಊಟಕ್ಕೆ ಕೂತಿದ್ದಾಗ ಬಾಮೈದ ಸಿಗರೇಟಿನಿಂದ ಮೂರು ತೂತು ಸುಟ್ಟುಬಿಟ್ಟ. ಅಂದಿನಿಂದ ಟೈಲರ್ ಕದ್ದು ಕದ್ದು ರಫು ಮಾಡುತ್ತಿದ್ದ, ಒಳಮಡಿಕೆಯಿಂದ ಎಳೆ ಕಿತ್ತು ಅದೇ ಎಳೆಯಿಂದ ನೇಯ್ದು. ಎರಡು ತೂತು ಮುಚ್ಚಿದ್ದವು, ಮೂರನೆಯದು ಬಾಕಿಯಿತ್ತು. ನಾಲ್ಕನೇ ಕ್ಲಾಸಿನಲ್ಲಿ ಕಿವಿ ಹಿಂಡಿ ಅವನಿಗೆ ಮಗ್ಗಿ ಕಲಿಸಿದ್ದು ಇದೇ ಟೀಚರಮ್ಮ. ಈಗಲೂ ಕಿವಿ ಹಿಂಡಿದರೆ ತಡೆದುಕೊಳ್ಳಬಹುದು. ಆ ಕೋಟು ಕಂಡು ಅವರು ಅತ್ತುಬಿಟ್ಟರೆ?

ಟೈಲರ್ ಅವರ ಮನೆಗೆ ಓಡಿದ. ಅವರಾಗಲೇ ಶಾಲು ಹೊದ್ದು ಕೈಚೀಲ ಹಿಡಿದು ನಿಂತಿದ್ದರು.

"ಟೀಚರಮ್ಮ, ಆ ಸಿನಿಮಾ ನಿಮಗೆ ಬೇಡ. ಬರೀ ಕಡಿಯೋದು, ಕೊಚ್ಚೋದು."

"ಮೂವತ್ತು ವರ್ಷ ನಾಲ್ಕನೇ ಕ್ಲಾಸಿಗೆ ಪಾಠ ಮಾಡಿದೀನಿ. ನನಗೆ ಹೆದರಿಕೆ ತೋರಿಸ್ತೀಯಾ?"

"ನಿಮಗೆ ಬಿ.ಪಿ. ಇದೆಯಲ್ಲ?"

"ಮಾತ್ರೆ ನುಂಗಿದೀನಿ."

"ಆಟಾನೇ ಕ್ಯಾನ್ಸಲ್ ಆಯ್ತಂತೆ."

ಸರಿಯಾಗಿ ಆ ಹೊತ್ತಿಗೆ ಕಟಿಂಗ್ ಶಾಪಿನವನು ಹೊಸ್ತಿಲಲ್ಲಿ ಪ್ರತ್ಯಕ್ಷನಾದ. ಬೀದಿಯಲ್ಲಿ ಯಾರ ಮನೆಯ ಹಾಲು ಉಕ್ಕಿದರೂ ಮೊದಲು ಅವನಿಗೆ ಗೊತ್ತಾಗಬೇಕು. "ಯಾರು ಹೇಳಿದ್ದು? ಈಗ ತಾನೇ ಬಾಗಿಲು ತೆಗೆದ್ರು. ಬನ್ನಿ ಟೀಚರಮ್ಮ, ಆಟೋ ತಂದಿದೀನಿ. ಟೈಲರಣ್ಣ, ನೀನೂ ಹತ್ತು. ಕೊಲೆಗಾರನೇ ಲೇಟಾದ್ರೆ ಹೇಗೆ?"

ಟಾಕೀಸಿನಲ್ಲಿ ಟೈಲರ್ ಟೀಚರಮ್ಮನ ಪಕ್ಕದಲ್ಲೇ ಕೂತ. ಕೋಟು ಬಂದಾಗಲೆಲ್ಲ ಅಡ್ಡ ನಿಲ್ಲುವುದು ಅವನ ಉಪಾಯ. ಕೊಲೆಗಾರ ಮೊದಲ ಸಲ ಮರದ ಹಿಂದಿನಿಂದ ಬಂದಾಗ ಎದ್ದು ನಿಂತು, ಜೋಮು ಹಿಡಿದವನಂತೆ ಕಾಲು ಕೊಡವಿದ. "ಕೂತ್ಕೊಳ್ಳಯ್ಯಾ, ನಿನ್ನನ್ನ ನೀನೇ ಮುಚ್ತಿದೀಯ!" ಎಂದು ಹಿಂದಿನವರು ಕೂಗಿದರು. ಎರಡನೇ ಸಲ ಕೊಡೆ ಬಿಚ್ಚಿ "ಸೋರ್ತಿದೆ" ಎಂದ. ಹೊರಗೆ ಬಿರುಬಿಸಿಲು. ಗೇಟಿನವನು ಬಂದು ಕೊಡೆ ಕಿತ್ತುಕೊಂಡು ಹೋದ.

ಜನರಂತೂ ಚೂರೂ ಹೆದರಲಿಲ್ಲ. ಕೊಲೆಗಾರ ಓಡಿದರೆ "ಅಯ್ಯೋ, ಅವನಿಗೆ ಮಂಡಿನೋವು, ಯಾಕ್ರೋ ಓಡಿಸ್ತೀರಾ?" ಎಂದು ಹಾಲಿನವಳು ಮರುಗಿದಳು. ಕೊಡಲಿ ಎತ್ತಿದರೆ "ಜೋಪಾನ ಟೈಲರಣ್ಣ, ಕಾಲ ಮೇಲೆ ಹಾಕ್ಕೊಂಡೀಯ" ಎಂದು ನಾಲ್ಕು ಜನ ಬುದ್ಧಿ ಹೇಳಿದರು. ಸತ್ತವನು ಮೀಸೆಯೊಡನೆ ಮರಳಿ ಬಂದಾಗ ಚಪ್ಪಾಳೆ ತಟ್ಟಿ ಬರಮಾಡಿಕೊಂಡರು. ಬಾಮೈದ ಮೂಲೆಯಲ್ಲಿ ನಿಂತು ಉಗುರು ಕಚ್ಚುತ್ತಿದ್ದ. ಅವನ ಅಕ್ಕ ಒಬ್ಬಳೇ ಪ್ರತಿ ಹೆಣಕ್ಕೂ ಬೇಕೆಂದೇ ಕಿಟಾರನೆ ಕಿರುಚಿ ತಮ್ಮನ ಮಾನ ಉಳಿಸುತ್ತಿದ್ದಳು.

ಟೀಚರಮ್ಮ ಮಾತ್ರ ಶಾಲನ್ನು ಹಣೆಯವರೆಗೆ ಎಳೆದುಕೊಂಡು ಕಲ್ಲಿನಂತೆ ಕೂತಿದ್ದರು. ಗುರುತು ಹಿಡಿದಿದ್ದಾರೆ, ಒಳಗೊಳಗೇ ಅಳುತ್ತಿದ್ದಾರೆ ಎಂದುಕೊಂಡ ಟೈಲರ್. ಇಂಟರ್‌ವಲ್ಲಿನ ದೀಪ ಹತ್ತಿದ್ದೇ ಅವನಿಗೆ ತಡೆಯಲಾಗಲಿಲ್ಲ.

"ತಪ್ಪಾಯ್ತು ಟೀಚರಮ್ಮ. ಗಾರ್ಡ್ ಸಾಹೇಬರ ಕೋಟು ನಾನೇ ಹಾಕ್ಕೊಂಡಿದ್ದು. ಬೆನ್ನಲ್ಲಿ ಮೂರು ತೂತೂ ಆಗಿದೆ. ಎರಡಕ್ಕೆ ರಫು ಹಾಕಿದೀನಿ, ಭೂತಗನ್ನಡಿ ಹಿಡಿದ್ರೂ ಕಾಣಲ್ಲ. ಇನ್ನೊಂದು..."

ಟೀಚರಮ್ಮ ನಿಧಾನಕ್ಕೆ ಶಾಲು ಸರಿಸಿದರು. "ಯಾವ ಕೋಟೋ?"

"ಇಷ್ಟೊತ್ತು ನೋಡಿದ್ರಲ್ಲ!"

ಅವರು ಆಚೀಚೆ ಕಣ್ಣು ಹಾಯಿಸಿ ದನಿ ತಗ್ಗಿಸಿದರು. "ಯಾರಿಗೂ ಹೇಳಬೇಡ. ಸಿನಿಮಾ ಹೆಸರು ಬಂತಲ್ಲ, ಆಗಿಂದ ನಾನು ಕಣ್ಣೇ ಬಿಟ್ಟಿಲ್ಲ. ಹೆದರಿಕೆ ಆಯ್ತು."

ಬಾಯಿ ಬಿಟ್ಟರೆ ಬಣ್ಣಗೇಡು ಎಂದು ಹಿರಿಯರು ಸುಮ್ಮನೆ ಹೇಳಿಲ್ಲ. ಟೈಲರನಿಗೆ ತನ್ನ ತುಟಿಗಳನ್ನು ತಾನೇ ಹೊಲಿದುಕೊಳ್ಳಬೇಕು ಅನಿಸಿತು.

ದೀಪ ಆರಿತು. ಈಗ ಟೀಚರಮ್ಮ ಕನ್ನಡಕ ಒರೆಸಿ ಹಾಕಿಕೊಂಡು ಮುಂದಕ್ಕೆ ಬಗ್ಗಿ ಕೂತರು. ಕೊಲೆಗಾರ ಬೆನ್ನು ಮಾಡಿ ಮರಗಳ ನಡುವೆ ನಡೆದುಹೋದಾಗ ಅವರ ಕೈ ಟೈಲರನ ತೋಳು ಹಿಡಿಯಿತು. ಮುಖ ಚೀಲದೊಳಗೆ, ಕಾಣುವುದು ಕೋಟೊಂದೇ. ಬಲಭುಜ ಸ್ವಲ್ಪ ಜೋತ, ಎಡಜೇಬು ಉಬ್ಬಿದ ಕೋಟು.

"ಅಲ್ಲಿ ಸೀಟಿ ಇಟ್ಕೋತಿದ್ರು" ಎಂದರು ಟೀಚರಮ್ಮ. ಆಮೇಲಿನ ಎರಡು ಕೊಲೆಗಳನ್ನು ಅವರು ಗಮನಿಸಲೇ ಇಲ್ಲ.

ಕೊನೆಗೆ ಪೊಲೀಸ್ ಬಂದು ಮೂರು ಗುಂಡು ಹಾರಿಸಿದ. ಕೋಟು ಎಲೆಗಳ ಮೇಲೆ ಬೋರಲು ಬಿತ್ತು. ಜನ ಶಿಳ್ಳೆ ಹೊಡೆದರು. ಟೀಚರಮ್ಮನ ಕನ್ನಡಕದ ಕೆಳಗಿಂದ ನೀರಿಳಿಯಿತು. ಟೈಲರನಿಗೆ ಭೂಮಿ ಬಾಯಿ ಬಿಟ್ಟು ತನ್ನನ್ನು ನುಂಗಬಾರದೇ ಅನಿಸಿತು. ಅವರ ದುಃಖಕ್ಕಿಂತ ಆ ದುಃಖವನ್ನು ಎರಡನೇ ಸಲ ಕೊಟ್ಟವನು ತಾನು ಎನ್ನುವುದು ಅವನನ್ನು ಸುಡುತ್ತಿತ್ತು.

"ಡೈರೆಕ್ಟರ್ ಎಲ್ಲಿ?" ಟೀಚರಮ್ಮ ಎದ್ದು ನಿಂತು ಕ್ಲಾಸಿನ ದನಿಯಲ್ಲಿ ಕೇಳಿದರು. ಬಾಮೈದ ಕೈಕಟ್ಟಿಕೊಂಡು ಬಂದ.

"ಯಾಕೋ ಅವರನ್ನ ಹಾಗೇ ಬಿಟ್ಟುಬಂದೆ?"

"ಯಾರನ್ನ ಟೀಚರಮ್ಮ?"

"ಬಿದ್ದವರನ್ನ. ಏಳಿಸು."

ಬಾಮೈದನ ಮುಖ ಊರಗಲವಾಯಿತು. "ಅಲ್ವಾ! ಇಂಥ ಸಿನಿಮಾದಲ್ಲಿ ಕೊನೇಲಿ ಕೊಲೆಗಾರ ಎದ್ದೇ ಏಳಬೇಕು. ಜನ ಕಾಯೋದೇ ಅದಕ್ಕೆ. ಅವತ್ತು ಬೆಳಕು ಹೋಗ್ಬಿಡ್ತು, ತೆಗೆಯೋಕಾಗಲಿಲ್ಲ."

"ಇವತ್ತು ಬೆಳಕಿದೆ" ಎಂದರು ಟೀಚರಮ್ಮ.

ಮೂರು ಗಂಟೆಗೆ ಇಡೀ ಬೀದಿ ತೋಪಿನಲ್ಲಿತ್ತು. ಕೋಟು ತಿರುವಿ ನೋಡಿದ ಬಾಮೈದ ಹಣೆ ಚಚ್ಚಿಕೊಂಡ. "ಭಾವ, ತೂತೆಲ್ಲಿ? ಮೂರು ಗುಂಡು ಬಿದ್ದು ಒಂದೇ ತೂತು ಅಂದ್ರೆ ಜನ ನಗಲ್ವಾ?" ಒಂದೂವರೆ ತಿಂಗಳು ಕಣ್ಣು ಕೀಲಿಸಿ ಹಾಕಿದ ರಫುವನ್ನು ಟೈಲರ್ ಮರದ ಬುಡದಲ್ಲಿ ಕೂತು ಕೈಯಾರೆ ಬಿಚ್ಚಿದ. ಟೀಚರಮ್ಮ ಪಕ್ಕದಲ್ಲಿ ನಿಂತು ಕತ್ತರಿ ಕೊಟ್ಟರು.

ಟೈಲರ್ ಕೋಟು ತೊಟ್ಟು, ಚೀಲ ಹಾಕಿಕೊಂಡು ಎಲೆಗಳ ಮೇಲೆ ಬೋರಲು ಮಲಗಿದ. "ಆಕ್ಷನ್!" ಎಂದ ಬಾಮೈದ. ಟೈಲರ್ ಗುರ್ರೆನ್ನುತ್ತ ಎದ್ದ.

"ಕಟ್" ಎಂದವರು ಟೀಚರಮ್ಮ. "ಅವರು ಹಾಗೆ ಏಳ್ತಿರಲಿಲ್ಲ. ಮೊದಲು ಎಡಗೈ ಸೊಂಟದ ಮೇಲೆ. ಆಮೇಲೆ ಮಂಡಿ ಧೂಳು ಕೊಡವಬೇಕು."

ಎರಡನೇ ಸಲ ಧೂಳು ಕೊಡವಿದ. "ಮೇಲಿನ ಗುಂಡಿ ಹಾಕ್ಕೊಳ್ಳೋ." ಮೂರನೇ ಸಲ ಗುಂಡಿ ಹಾಕಿಕೊಂಡ. "ತಿರುಗಿ ನನ್ನ ಕಡೆ ನೋಡ್ಬೇಕಲ್ಲೋ. ಡ್ಯೂಟಿಗೆ ಹೊರಟಾಗ ಗೇಟಿನ ಹತ್ರ ಒಂದ್ಸಲ ತಿರುಗಿ ನೋಡೇ ಹೋಗ್ತಿದ್ರು."

ಮಲಗಿ ಎದ್ದು, ಮಲಗಿ ಎದ್ದು, ಹನ್ನೊಂದನೇ ಸಲಕ್ಕೆ ಎಲ್ಲ ಕೂಡಿಬಂತು. ಟೈಲರ್ ಸೊಂಟ ಹಿಡಿದು ಎದ್ದ, ಧೂಳು ಕೊಡವಿದ, ಗುಂಡಿ ಹಾಕಿಕೊಂಡ, ನಾಲ್ಕು ಹೆಜ್ಜೆ ನಡೆದು ತಿರುಗಿ ನೋಡಿದ. ಟೀಚರಮ್ಮ ಕೈ ಬೀಸಿದರು. ಅಷ್ಟು ಹೊತ್ತು ಗಲಾಟೆ ಮಾಡುತ್ತಿದ್ದ ಹಾಲಿನವಳು ಸೆರಗಿನಿಂದ ಕಣ್ಣೊರೆಸಿಕೊಂಡಳು. ಚೀಲದೊಳಗೆ ಕೊಲೆಗಾರನೂ ಬಿಕ್ಕುತ್ತಿದ್ದ.

"ಓಕೆನಾ ಟೀಚರಮ್ಮ?" ಎಂದು ಬಾಮೈದ ಮೆಲ್ಲಗೆ ಕೇಳಿದ.

"ತುಂಬಾ ಚೆನ್ನಾಗಿತ್ತು" ಎಂದು ಅವರು ಶಾಲಿನಿಂದ ಮೂಗು ಒರೆಸಿಕೊಂಡರು. "ಎಲ್ಲಿ, ಇನ್ನೊಂದ್ಸಲ ಮಲಕ್ಕೋ."