ಎರಡು ತೂತಿನ ಹಿತ್ತಾಳೆ ಕೇಸು

ನಮ್ಮ ಯಜಮಾನರು ಒಂದು ಕೆಲಸಕ್ಕೆ ಅಂತ ಹೋಗಿ ಇನ್ನೊಂದನ್ನು ಹೊತ್ತು ತರುವುದು ನಮ್ಮ ಮನೆಯಲ್ಲಿ ಹೊಸದೇನಲ್ಲ. ಅಮೆರಿಕದ ಡಿಯರ್‌ಬಾರ್ನ್‌ಗೆ ಬಂದ ಮೇಲಂತೂ ಹೆಚ್ಚೇ ಆಗಿದೆ.

೧. ಏಣಿ

ಅವತ್ತು ಏಣಿ ಕೇಳಲು ಪಕ್ಕದ ಮನೆಯ ಅಮೆರಿಕನ್ ಅಜ್ಜನ ಹತ್ತಿರ ಹೋದವರು ಮೂರು ಗಂಟೆ ಬಿಟ್ಟು ಬಂದರು. ಕೈಯಲ್ಲಿ ಹಳೆಯ ರೈಫಲ್ ಗುಂಡಿನ ಖಾಲಿ ಹಿತ್ತಾಳೆ ಕೇಸು.

"ಇಲ್ಲಿ ನೋಡ, ತಳದಾಗ ಎರಡು ತೂತು ಅದಾವ!"

"ಎಷ್ಟಿರಬೇಕಿತ್ತು?"

"ಒಂದ!"

"ಹಾಗಾದ್ರೆ ವಾಪಸ್ ಕೊಟ್ಟುಬಿಡಿ."

ಅಜ್ಜನ ಅಪ್ಪ ಯುದ್ಧದಿಂದ ತಂದ ರೈಫಲ್ಲಂತೆ. ಅಪ್ಪ ಹಾರಿಸಿ ಎತ್ತಿಟ್ಟ ಕೇಸುಗಳಿಗೇ ಮತ್ತೆ ಮದ್ದು ತುಂಬಿ ಒಮ್ಮೆ ಹಾರಿಸಬೇಕು ಅನ್ನುವುದು ಅಜ್ಜನ ಆಸೆ. ಆದರೆ ಕೈ ನಡುಗುತ್ತದೆ. ಹಾಗಾಗಿ ಧಾರವಾಡದ ಇಂಜಿನಿಯರ್ ಆದ ಇವರ ಕೈ ಬೇಕಾಯಿತು. ಕಿಡಿ ಹೊತ್ತಿಸುವ ಹಳೇ ಪ್ರೈಮರನ್ನು ಮೊದಲು ತಳದಿಂದ ತೆಗೆಯಬೇಕು. ಅದನ್ನು ಹೊರಗೆ ತಳ್ಳುವ ಈಗಿನ ಯಂತ್ರದ ಮೊಳೆ ನಡುವೆ ಒಂದೇ ತೂತು ಹುಡುಕುತ್ತದೆ. ಇಲ್ಲಿ ತೂತುಗಳಿರುವುದು ಪಕ್ಕಕ್ಕೆ. ಮೂರು ಮೊಳೆ ಸೊಟ್ಟಗಾದವು. ಕೊನೆಗೆ ಕೇಸಿಗೆ ನೀರು ತುಂಬಿ ಗುದ್ದಿದಾಗ ಪ್ರೈಮರ್ ಹಾರಿತು, ನೀರೆಲ್ಲ ಇವರ ಮುಖಕ್ಕೆ.

ತೊಟ್ಟಿಕ್ಕುತ್ತಲೇ ಓಡಿಬಂದು "ಬಂತು!" ಅಂದರು.

"ಏಣಿನಾ?" ಅಂದೆ.

೨. ಕಾರಿನಲ್ಲಿ ನಾನು

ಎರಡು ತೂತಿನ ಕೇಸಿಗೆ ಹೊಂದುವ ಹೊಸ ಪ್ರೈಮರ್ ಅಂಗಡಿಯಲ್ಲಿ ಸಿಗಲಿಲ್ಲ. ಬೋಲಿಂಗ್‌ಬ್ರೂಕ್‌ನಲ್ಲಿ ಒಬ್ಬ ಅಜ್ಜಿಯ ಬಳಿ, ತೀರಿಹೋದ ಗಂಡ ಜೋಪಾನ ಮಾಡಿದ್ದ ಒಂದು ಡಬ್ಬಿ ಇದೆಯೆಂದು ತಿಳಿಯಿತು. ನಾಲ್ಕೂವರೆ ಗಂಟೆ ಡ್ರೈವ್. ಇವರೂ ಅಜ್ಜನೂ ಒಳಗೆ ಹೋದರು. ನಾನು ಕಾರಿನಲ್ಲೇ ಕೂತೆ.

ಸ್ವಲ್ಪ ಹೊತ್ತಿಗೆ ಅಜ್ಜಿಯೇ ಬಂದು ಕಾರಿನ ಬಾಗಿಲು ತೆಗೆದು ನನ್ನ ಕೈ ಹಿಡಿದರು. "ನಲವತ್ತು ವರ್ಷ ನಾನೂ ಹೀಗೇ ಕಾರಲ್ಲಿ ಕಾದಿದೀನಮ್ಮ. ಬಾ, ಕಾಫಿ ಕುಡಿ. ಇವರದ್ದು ಮುಗಿಯೋದಲ್ಲ."

೩. ಗುಂಡು

ಶನಿವಾರ ಮೈಸೂರಿನಿಂದ ಅಮ್ಮನ ವಿಡಿಯೋ ಕಾಲ್.

"ಅಳಿಯಂದ್ರು ಎಲ್ಲಮ್ಮ?"

"ಪಕ್ಕದ ಮನೆ ಬೇಸ್‌ಮೆಂಟಲ್ಲಿ. ಅಜ್ಜನ ಜೊತೆ ಗುಂಡು."

ಅಮ್ಮ ಗಡಿಯಾರ ನೋಡಿದರು. "ನಿಮಗೀಗ ಬೆಳಿಗ್ಗೆ ಒಂಬತ್ತಲ್ವಾ?"

"ಹೂಂ. ಅಜ್ಜನಿಗೆ ಕೈ ನಡುಗತ್ತೆ, ಇವರೇ ತುಂಬಿಕೊಡ್ಬೇಕು."

"ನಡುಗದೆ ಇನ್ನೇನು! ಎಷ್ಟು?"

"ಇವತ್ತು ಐದೇ."

ಅಮ್ಮನ ಕಣ್ಣು ತುಂಬಿತು. ಆದರೂ ಅಳಿಯನನ್ನು ಒಂದು ಮಾತು ಬಯ್ಯಲಿಲ್ಲ. "ಖಾಲಿ ಹೊಟ್ಟೇಲಿ ಕಳಿಸ್ಬೇಡ್ವೇ. ಎರಡು ಇಡ್ಲಿನಾದ್ರೂ ತಿನ್ನಿಸು."

೪. ಒಂದೇ ಗುಂಡು

ರೈಫಲ್ ರಿಪೇರಿಯವನು ಪರೀಕ್ಷಿಸಿ ಸರಿಯಿದೆ ಅಂದ ಮೇಲೆ ಶೂಟಿಂಗ್ ರೇಂಜಿಗೆ ಹೋದೆವು. ಚಿಕ್ಕವನಿದ್ದಾಗ ಅಪ್ಪ ಅದನ್ನು ಮುಟ್ಟಲೂ ಬಿಟ್ಟಿರಲಿಲ್ಲ ಅಂತ ಅಜ್ಜ ದಾರಿಯುದ್ದಕ್ಕೂ ಹೇಳಿದರು. ರೈಫಲನ್ನು ಮರಳಿನ ಚೀಲದ ಮೇಲೆ ಇಟ್ಟುಕೊಟ್ಟರು ಇವರು. ಅಜ್ಜ ಅದರ ಹಿಂದೆ ಕೂತು ಗುರಿಯಿಟ್ಟರು. ನಾನು ಕಿವಿಯ ಜೊತೆ ಕಣ್ಣನ್ನೂ ಮುಚ್ಚಿಕೊಂಡೆ.

ಢಂ!

ಕಾಗದದ ಮೂಲೆಯಲ್ಲೊಂದು ತೂತು. ಇವರು ಚಪ್ಪಾಳೆ ತಟ್ಟಿದರು. ಅಜ್ಜ ರೈಫಲ್ ಕೆಳಗಿಟ್ಟು, ಕಣ್ಣೊರೆಸಿಕೊಂಡು, ಎಡಕ್ಕೊಮ್ಮೆ ಬಲಕ್ಕೊಮ್ಮೆ ನೋಡಿ, ಇವರ ಕಿವಿಯ ಹತ್ತಿರ ಬಗ್ಗಿ ಮೆಲ್ಲಗೆ ಹೇಳಿದರು:

"ನಮ್ಮಪ್ಪನಿಗೆ ಹೇಳ್ಬೇಡಪ್ಪ."