ಉದುರಿದ ಮೇಲೆ ಬಂದವರು

ನಾನು ಚರ್ಮದ ಡಾಕ್ಟರು. ವಾರದಲ್ಲಿ ಒಂದೊಂದು ದಿನ ಒಂದೊಂದು ಊರು: ಶ್ರೀರಂಗಪಟ್ಟಣ, ಪಾಂಡವಪುರ, ಕೆ.ಆರ್. ಪೇಟೆ, ನಾಗಮಂಗಲ. ಕಜ್ಜಿ, ತುರಿಕೆ, ಬಂಗು ಎಂದು ಬರುವವರು ಮದ್ದು ಬರೆಸಿಕೊಂಡು ಹೋಗುತ್ತಾರೆ, ಅಲ್ಲಿಗೆ ಮುಗಿಯಿತು. ಕೂದಲು ಉದುರುತ್ತದೆ ಎಂದು ಬರುವವರ ವಿಷಯ ಹಾಗಲ್ಲ. ಅವರು ನನ್ನ ಹತ್ತಿರ ಬರುವಷ್ಟರಲ್ಲಿ ಊರವರೆಲ್ಲ ಒಂದೊಂದು ಮದ್ದು ಹೇಳಿಯಾಗಿರುತ್ತದೆ, ತಲೆ ಈರುಳ್ಳಿ ವಾಸನೆ ಹೊಡೆಯುತ್ತಿರುತ್ತದೆ, ಏನಾದರೊಂದು ಎಡವಟ್ಟು ನಡೆದೇ ಇರುತ್ತದೆ. ನಾನು ಕೂತು ಕಾರಣ ಬಿಡಿಸಿ ಹೇಳುತ್ತೇನೆ. ಎಲ್ಲಕ್ಕೂ ತಲೆಯಾಡಿಸಿ ಎದ್ದವರು ಬಾಗಿಲ ಹತ್ತಿರ ತಿರುಗಿ, ನನ್ನ ಜಡೆ ನೋಡಿ, ನೀವು ಯಾವ ಎಣ್ಣೆ ಹಾಕ್ತೀರಿ ಎಂದು ಕೇಳುತ್ತಾರೆ. ನಮ್ಮಮ್ಮನಿಗೂ ಹೀಗೇ ಕೂದಲಿತ್ತು ಅಷ್ಟೇ ಎಂದರೆ, ಗುಟ್ಟು ಬಿಡದ ಹೆಂಗಸು ಎಂದುಕೊಂಡು ಹೋಗುತ್ತಾರೆ. ಇಂಥವು ನೆನಪಾದರೆ ನಗು ಬರುತ್ತದೆ. ನಕ್ಕು ಮುಗಿದ ಮೇಲೆ, ಛೆ, ಸ್ವಲ್ಪ ಮೊದಲೇ ಬರಬಾರದಿತ್ತೇ ಅನ್ನಿಸುತ್ತದೆ.

ನಗಬಾರದ ಮಗು

ಶ್ರೀರಂಗಪಟ್ಟಣದ ಕ್ಲಿನಿಕ್ಕಿಗೆ ಅರಕೆರೆಯಿಂದ ಅತ್ತೆ, ಸೊಸೆ ಬಂದರು. ಸೊಸೆಯ ತೋಳಲ್ಲಿ ನಾಲ್ಕೈದು ತಿಂಗಳ ಕೂಸು. ಅತ್ತೆ ಪ್ಲಾಸ್ಟಿಕ್ ಕವರಿನಿಂದ ಒಂದು ಕೂದಲುಂಡೆ ತೆಗೆದು ನನ್ನ ಮೇಜಿನ ಮೇಲಿಟ್ಟರು. ಸೊಸೆ ತಲೆಗೆ ನೀರು ಹಾಕಿಕೊಂಡಾಗಲೆಲ್ಲ ಉದುರಿದ್ದನ್ನು ಕೂಡಿಟ್ಟಿದ್ದರಂತೆ.

ಸೊಸೆ ಕೂಸನ್ನು ಗೋಡೆಯ ಕಡೆ ಮುಖ ಮಾಡಿ ಎತ್ತಿಕೊಂಡಿದ್ದಳು. ಯಾಕೆ ಎಂದು ಕೇಳಿದೆ. ಕೂಸು ತಾಯಿಯ ಮುಖ ನೋಡಿ ನಗಲು ಶುರುಮಾಡಿದರೆ ತಾಯಿಯ ಕೂದಲು ಉದುರುತ್ತದೆ ಎಂದು ನಮ್ಮ ಕಡೆ ಹೇಳುತ್ತಾರಲ್ಲ, ಅದನ್ನು ನಂಬಿ ಅತ್ತೆ ಕೂಸು ನಗದ ಹಾಗೆ ಕಾವಲು ಕಾದಿದ್ದರು. ಹಾಲು ಕುಡಿಸುವಾಗ ಸೊಸೆಯ ಮುಖದ ಮೇಲೆ ಸೆರಗು. ಗಂಡ ಕೂಸಿನ ಗಲ್ಲ ಮುಟ್ಟಿ ಆಡಿಸಲು ಹೋದರೆ ಅವನಿಗೂ ಗದರಿಕೆ.

ಬಸುರಿನಲ್ಲಿ ಉದುರದೆ ನಿಂತ ಕೂದಲು ಹೆರಿಗೆಯಾದ ಮೂರ್ನಾಲ್ಕು ತಿಂಗಳಿಗೆ ಒಟ್ಟಿಗೆ ಉದುರುತ್ತದೆ, ಕೂಸು ನಗಲು ಕಲಿಯುವುದೂ ಹೆಚ್ಚುಕಡಿಮೆ ಆ ಹೊತ್ತಿಗೇ, ಅದಕ್ಕೂ ಇದಕ್ಕೂ ಸಂಬಂಧವಿಲ್ಲ, ಉದುರಿದ್ದು ತಾನಾಗಿ ಮತ್ತೆ ಬರುತ್ತದೆ ಎಂದು ಹೇಳಿದೆ. ಸೊಸೆ ಕೂಸನ್ನು ತನ್ನ ಕಡೆ ತಿರುಗಿಸಿಕೊಂಡಳು. ಅದು ಅವಳ ಮುಖವನ್ನು ತುಂಬ ಹೊತ್ತು ನೋಡಿತು. ಆಮೇಲೆ ಬೊಚ್ಚುಬಾಯಿ ಬಿಟ್ಟು ನಕ್ಕಿತು. ಅವಳಿಗೆ ಅಳು ಬಂದುಬಿಟ್ಟಿತು.

ಅತ್ತೆ ಮೆಲ್ಲಗೆ ಕೈ ಚಾಚಿ ಕೂಸನ್ನು ಕರೆದರು. ಅವರ ಮುಖ ಕಂಡದ್ದೇ ಅದು ನಗು ನಿಲ್ಲಿಸಿ ತಾಯಿಯ ಹೆಗಲಲ್ಲಿ ಮುಖ ಹುದುಗಿಸಿತು. ಅತ್ತೆ ನನ್ನ ಕಡೆ ಬಗ್ಗಿ ಕೇಳಿದರು: "ಕೂದ್ಲಿಗೆ ಬ್ಯಾಡ ಬುಡಿ ಮೇಡಮ್. ಮಗ ನನ್ ಕಂಡ್ರೂ ನಗಂಗೆ ಏನಾರ ಮಾತ್ರೆ ಅದಾ?"

ಹಸುವಿನ ಮೈಕೂದಲು

ನಾಗಮಂಗಲದಲ್ಲಿ ಹೊಣಕೆರೆ ಕಡೆಯ ಗಂಡ ಹೆಂಡತಿ. ಹಸು ಸಾಕಿ ಡೇರಿಗೆ ಹಾಲು ಹಾಕುವವರು. ಆಕೆಯ ಬೈತಲೆ ಅಗಲವಾಗಿತ್ತು, ಕಣ್ಣಿನ ಒಳಗೆ ಬಿಳಚಿಕೊಂಡಿತ್ತು. ರಕ್ತ ಪರೀಕ್ಷೆ ಮಾಡಿಸಿದರೆ ಮೈಯಲ್ಲಿ ರಕ್ತವೇ ಇಲ್ಲ ಅನ್ನುವಷ್ಟು ಕಮ್ಮಿ. ಊಟ ಏನು ಮಾಡುತ್ತೀರಿ ಎಂದು ಕೇಳಿದೆ. ಬೆಳಿಗ್ಗೆ ಟೀ. ಮಧ್ಯಾಹ್ನ ಮಿಕ್ಕಿದ್ದರೆ ಏನಾದರೂ. ರಾತ್ರಿ ಎಲ್ಲರದೂ ಆದ ಮೇಲೆ ಮುದ್ದೆ, ಪಾತ್ರೆಯ ತಳದ ಸಾರು.

ಮಾತಿಗೆ ಮಾತು ಬಂದು ಹಸುಗಳಿಗೆ ಏನು ಹಾಕುತ್ತೀರಿ ಎಂದೆ. ಅಲ್ಲಿಯವರೆಗೆ ಸುಮ್ಮನಿದ್ದ ಗಂಡನ ಮುಖ ಅರಳಿತು. ಹಿಂಡಿ, ಬೂಸಾ, ಹಸಿ ಜೋಳದ ಕಡ್ಡಿ, ದಿನಾ ಒಂದು ಹಿಡಿ ಮಿನರಲ್ ಪುಡಿ, ಕರು ಹಾಕಿದರೆ ಕ್ಯಾಲ್ಸಿಯಂ ಬಾಟ್ಲು. ಮೊಬೈಲು ತೆಗೆದು ಹಸುವಿನ ಫೋಟೋ ತೋರಿಸಿದ. ನಿಜಕ್ಕೂ ಅದರ ಮೈ ರೇಷ್ಮೆಯ ಹಾಗೆ ಮಿನುಗುತ್ತಿತ್ತು.

ಆಕೆ ಸಿಟ್ಟೇನೂ ಇಲ್ಲದೆ ಹೇಳಿದಳು: "ಅಸೂಗೆ ಮೈಕೂದ್ಲು ಉದುರುದ್ರೆ ಅವತ್ತೇ ಡಾಕ್ಟ್ರು ಮನೆ ಬಾಗ್ಲಿಗೆ ಬತ್ತಾರೆ ಮೇಡಮ್. ನಂದು ಉದುರಕ್ಕಿಡ್ದು ಎಲ್ಡು ವರ್ಸಾಯ್ತು."

ಗಂಡ ಮೊಬೈಲು ಜೇಬಿಗೆ ಹಾಕಿಕೊಂಡು ತಲೆ ತಗ್ಗಿಸಿದ. ಕಬ್ಬಿಣದ ಮಾತ್ರೆ ಬರೆದೆ, ಸೊಪ್ಪು, ಕಾಳು, ಮೊಟ್ಟೆ ಎಲ್ಲ ಹೇಳಿದೆ, ಎಲ್ಲರ ಜೊತೆಗೇ ಕೂತು ಉಣ್ಣಬೇಕು ಎಂದೆ. ಎಲ್ಲ ಕೇಳಿಕೊಂಡು, ಏನಾದರೂ ಮಾಡಲೇಬೇಕು ಅನ್ನುವ ಮುಖದಲ್ಲಿ ಅವನು ಕೇಳಿದ: "ಆ ಮಿನರಲ್ ಪುಡಿ ಇವ್ಳಿಗೂ ಆಯ್ತದಾ ಮೇಡಮ್? ಮನೇಲಿ ಮೂಟೇನೇ ಅದೆ."

ಬಾಮೈದನ ತಲೆ

ಕೆ.ಆರ್. ಪೇಟೆಯಲ್ಲಿ ಒಬ್ಬ ಟ್ರಾಕ್ಟರು ಇಟ್ಟವನು ಬಂದಿದ್ದ. ನಡುನೆತ್ತಿ ತೆಳುವಾಗುತ್ತಿತ್ತು. ಅವನಪ್ಪನದೂ, ತಾತನದೂ ಹಾಗೇ. ಇದು ವಂಶದಿಂದ ಬಂದದ್ದು, ಪೂರ್ತಿ ತಡೆಯಲು ಆಗುವುದಿಲ್ಲ, ಇರುವುದನ್ನು ಉಳಿಸಿಕೊಳ್ಳಬಹುದು ಎಂದು ಹಚ್ಚುವ ಲೋಷನ್ ಬರೆದುಕೊಟ್ಟೆ. ಒಂದು ಮಾತು ಒತ್ತಿ ಹೇಳಿದೆ: ಮೊದಲ ಕೆಲವು ವಾರ ಇನ್ನೂ ಜಾಸ್ತಿ ಉದುರುತ್ತದೆ, ಹಳೆಯದು ಹೋಗಿ ಹೊಸದಕ್ಕೆ ಜಾಗ ಮಾಡುತ್ತದೆ, ಹೆದರಿ ನಿಲ್ಲಿಸಬೇಡ.

ಅವನು ಸರಿಯಾಗಿ ಉದುರುವ ಹೊತ್ತಿಗೆ ಹೆದರಿ ನಿಲ್ಲಿಸಿದ. ಇದ್ದದ್ದೂ ಹೋಯಿತು ಎಂದು ನನ್ನನ್ನು ಬೈದು ಬಾಟ್ಲನ್ನು ಕೊಟ್ಟಿಗೆಯ ಕಡೆ ಎಸೆದ. ಅವನ ಹೆಂಡತಿಯ ತಮ್ಮ ಅದೇ ಮನೆಯಲ್ಲಿದ್ದ, ಅವನ ತಲೆಯೂ ಬರಿದಾಗುತ್ತಿತ್ತು. ಅವನು ಬಾಟ್ಲು ಎತ್ತಿಟ್ಟುಕೊಂಡು ದಿನಾ ಹಚ್ಚಿದ, ಮುಗಿದ ಮೇಲೆ ಅದೇ ಹೆಸರಿನದನ್ನು ತರಿಸಿ ಹಚ್ಚಿದ. ಗೌರಿ ಹಬ್ಬದ ಹೊತ್ತಿಗೆ ಅವನ ನೆತ್ತಿ ಮುಚ್ಚುತ್ತ ಬಂತು.

ಅದುವರೆಗೆ ಇಬ್ಬರೂ ಒಂದೇ ಬೈಕಿನಲ್ಲಿ ಸಂತೆಗೆ ಹೋಗುತ್ತಿದ್ದವರು, ಒಬ್ಬರನ್ನೊಬ್ಬರು ಬಿಟ್ಟು ಟೀ ಕುಡಿಯದವರು. ಹಬ್ಬದ ದಿನ ಯಾರೋ ಬಾಮೈದನ ತಲೆ ಹೊಗಳಿದರು. ಅಂದಿನಿಂದ ಭಾವ ಮಾತು ಬಿಟ್ಟ. ಊಟಕ್ಕೂ ಬೇರೆ ಬೇರೆ ಕೂರುವಂತಾದಾಗ ಅವನ ಹೆಂಡತಿ ಇಬ್ಬರನ್ನೂ ನನ್ನ ಮುಂದೆ ತಂದು ಕೂರಿಸಿದಳು. ನೀವೇ ಬುದ್ಧಿ ಹೇಳಿ ಎಂದಳು.

ನಾನು ಭಾವನ ತಲೆ ನೋಡಿದೆ. ನಿಲ್ಲಿಸದೆ ಇದ್ದಿದ್ದರೆ ಉಳಿಯುತ್ತಿದ್ದದ್ದು ಬಹಳ ಹೋಗಿತ್ತು. ಅದನ್ನು ಹೇಗೆ ಹೇಳುವುದು ಎಂದು ಯೋಚಿಸುತ್ತಿರುವಾಗ ಅವನೇ ಬಾಮೈದನ ಕಡೆ ಬೆರಳು ಮಾಡಿ, ನ್ಯಾಯ ಕೇಳುವವನ ಹಾಗೆ ಹೇಳಿದ: "ಚೀಟಿ ನನ್ನೆಸ್ರಲ್ಲಿ ಅದೆ, ಬಾಟ್ಲು ನಂದು. ಅವನ್ ತಲೆ ಮ್ಯಾಲಿರೋದು ನನ್ ಕೂದ್ಲು ಕಣಿ ಮೇಡಮ್."

ಹರಕೆ

ಪಾಂಡವಪುರದ ಒಬ್ಬ ಹುಡುಗ ಬೈಕ್ ಶೋರೂಮಿನಲ್ಲಿ ಕೆಲಸಕ್ಕಿದ್ದ. ತಲೆಯ ಮೇಲೆ ಅಲ್ಲಲ್ಲಿ ರೂಪಾಯಿ ಅಗಲ ಬೋಳು. ಮನೆಯವರು ಹುಳ ತಿಂದಿದೆ ಎಂದು ಬೆಳ್ಳುಳ್ಳಿ ತಿಕ್ಕಿ ಚರ್ಮ ಸುಟ್ಟಿದ್ದರು. ಹುಳವೂ ಇಲ್ಲ ಏನೂ ಇಲ್ಲ, ಮೈಯನ್ನು ಕಾಯಬೇಕಾದ ಶಕ್ತಿಯೇ ತಪ್ಪು ತಿಳಿದು ಕೂದಲ ಬುಡದ ಮೇಲೆ ಬಿದ್ದಿದೆ ಎಂದು ವಿವರಿಸಿದೆ. ತಿಂಗಳಿಗೊಮ್ಮೆ ತಲೆಗೇ ಸೂಜಿ. ಅವನು ಹಲ್ಲು ಕಚ್ಚಿ ತಡೆದುಕೊಳ್ಳುತ್ತಿದ್ದ. ಹೆಣ್ಣು ನೋಡಲು ಹೋದ ಕಡೆ ಟೋಪಿ ತೆಗೆ ಎಂದು ಯಾರೋ ಅಂದದ್ದಕ್ಕೆ ಎದ್ದು ಬಂದಿದ್ದನಂತೆ. ತಂಗಿಯ ಮದುವೆಯ ಫೋಟೋಗಳಲ್ಲೂ ಟೋಪಿಯೇ.

ಮೊದಲು ಬಿಳಿ ನವಿರು ಬಂತು, ಆಮೇಲೆ ಕಪ್ಪು. ಆಮೇಲೆ ಅವನು ಬರುವುದನ್ನು ಬಿಟ್ಟ. ನನ್ನ ಕೈಯಲ್ಲಿ ಅಷ್ಟು ಚೆನ್ನಾಗಿ ಗುಣವಾಗುತ್ತಿದ್ದ ತಲೆ ಇನ್ನೊಂದಿರಲಿಲ್ಲ. ಒಮ್ಮೆ ಕಣ್ತುಂಬ ನೋಡಬೇಕು ಎಂದು ಕಾದೆ.

ಒಂದು ದಿನ ಅವ್ವನ ಜೊತೆ ಬಂದ. ಟೋಪಿ ತೆಗೆದ. ತಲೆ ನುಣ್ಣಗೆ ಬೋಳಿಸಿ ಗಂಧ ಬಳಿದಿತ್ತು.

ಪೂರ್ತಿ ಬಂದಿತ್ತಂತೆ, ಒಂದೂ ತೂತಿಲ್ಲದೆ. ಆದರೆ ಕೂದಲು ಬಂದರೆ ಮನೆದೇವರಿಗೆ ಮುಡಿ ಕೊಡುತ್ತೇವೆ ಎಂದು ಅವ್ವ ಹರಕೆ ಹೊತ್ತಿದ್ದರು. ಕೊಟ್ಟು ಬಂದರು. ಬಂದ ಕೂದಲಿನ ಫೋಟೋನಾದರೂ ಇದೆಯಾ ಎಂದು ಕೇಳಿದೆ. ಇಲ್ಲ. ಹರಕೆ ತೀರುವ ತನಕ ಯಾರ ಕಣ್ಣೂ ಬೀಳಬಾರದು ಎಂದು ಅವ್ವ ಟೋಪಿ ತೆಗೆಯಲು ಬಿಟ್ಟಿರಲಿಲ್ಲ. ಅವನ ಪೂರ್ತಿ ಕೂದಲನ್ನು ನೋಡಿದವರು ಅವನು, ಅವ್ವ ಮತ್ತು ಬೋಳಿಸಿದವನು.

"ಕನ್ನಡೀಲಿ ಚೆಂದಾಗಿ ಕಾಣ್ತಿದ್ದೆ ಮೇಡಮ್," ಎಂದು ಹುಡುಗ ಅಂದ. ಬೋಳಿಸಿದ್ದು ಹಾಗೇ ಬೆಳೆಯುತ್ತದೆ, ಚಿಂತೆ ಬೇಡ ಎಂದೆ. ಹಾಗಂದು ಅವನ ತಲೆ ತಿರುಗಿಸಿ ನೋಡಿದರೆ ಕಿವಿಯ ಹಿಂದೆ ಹೊಸದೊಂದು ಬೋಳು ಮಚ್ಚೆ ಶುರುವಾಗಿತ್ತು. ಈ ಕಾಯಿಲೆ ಹಾಗೇ, ಹೋಗಿ ಮತ್ತೆ ಬರುತ್ತದೆ. ಅವರು ಬಂದಿದ್ದೂ ಅದಕ್ಕೇ.

ಗುಣ ಮಾಡೋಣ, ಆದರೆ ಈ ಸಲ ಹರಕೆ ಮಾತ್ರ ಬೇಡ ಎಂದು ಅವ್ವನಿಗೆ ಕೈ ಮುಗಿದು ಕೇಳಿಕೊಂಡೆ. ಹರಕೆ ಆಗಲೇ ಹೊತ್ತುಕೊಂಡಾಗಿದೆ ಎಂದರು. ಹೋಗಲಿ, ಮುಡಿಯ ಬದಲು ಒಂದು ಹಣ್ಣುಕಾಯಿ ಮಾಡಿಸಬಾರದೇ ಎಂದೆ.

ಅವ್ವ ನನ್ನನ್ನು ಅಯ್ಯೋ ಪಾಪ ಅನ್ನುವ ಹಾಗೆ ನೋಡಿ, ಚಿಕ್ಕ ಮಗುವಿಗೆ ತಿಳಿಸುವ ದನಿಯಲ್ಲಿ ಹೇಳಿದರು: "ಕೂದ್ಲು ಇಸ್ಕಂಡು ಕಾಯಿ ಕೊಟ್ರೆ ದ್ಯಾವ್ರು ಒಪ್ತಾನಾ ಮೇಡಮ್?"